‘ನಾವು’ ಶೇಂಗಾ ಸುಲಿಯುತ್ತಿದ್ದೆವು

ಹೋದ ಭಾನುವಾರ ಕೂಡ್ಲಿಗಿಯ ನಮ್ಮ ಮನೆಯ ವರಾಂಡದಲ್ಲಿ, ಬೆಳಗಿನ ಚಹಾದ ಹೊತ್ತಿಗೆ, ಜಪಾನಿ ವ್ಯಾಕರಣದಿಂದಾಗಿ ನನ್ನ ಮಾನ ಹೋಯಿತು.

ನಗಬೇಡಿ. ನಡೆದದ್ದನ್ನೇ ಹೇಳುತ್ತಿದ್ದೇನೆ.

ಮಂಜುಳಾ ಅಂತ ನನ್ನ ಹಳೆಯ ವಿದ್ಯಾರ್ಥಿನಿ. ನನ್ನ ಹುಟ್ಟೂರು ಹೊಸಹಳ್ಳಿಯವಳೇ. ನರ್ಸಿಂಗ್ ಮುಗಿಸಿ ಇಲ್ಲಿಯ ಒಂದು ಆಸ್ಪತ್ರೆಯಲ್ಲಿದ್ದಾಳೆ. ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಬೇಕೆಂದು ಆನ್‌ಲೈನ್ ಕ್ಲಾಸಿಗೆ ಸೇರಿದ್ದಾಳೆ. ಹೊಸಹಳ್ಳಿ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಿಟಿಪಿಟಿ ಅನ್ನುತ್ತಿರುತ್ತಾಳೆ. ಪಕ್ಕದಲ್ಲಿ ಕೂತವರು ಮಂತ್ರ ಹೇಳುತ್ತಿದ್ದಾಳೆ ಅಂದುಕೊಂಡಿದ್ದಾರಂತೆ.

ಮೂರು ವಾರದ ಹಿಂದೆ ನೋಟ್‌ಬುಕ್ ಹಿಡಿದುಕೊಂಡು ಬಂದಳು.

“ಸರ, ಜಪಾನಿಯೊಳಗ ಒಂದು ರೂಪ ಐತ್ರಿ. ಹಿಂದಕ ಮಾಡತಿದ್ದದ್ದನ್ನ ಈಗ ನೆನಸಿಕೊಂಡು, ಮನಸು ತುಂಬಿ ಹೇಳಾಕ. ‘ತಾ ಮೊನೊ ದಾ’ ಅಂತಾರ. ಅಲ್ಲಿ ಮುದುಕ್ರು ಕುಂತ್ರ ನಿಂತ್ರ ಹಿಂಗ ಮಾತಾಡ್ತಾರಂತ. ನಮಗ ತಿಳೀಬೇಕಲ್ಲ? ಐದು ವಾಕ್ಯ ಬರಕೊಂಡು ಬರ್ರಿ ಅಂದಾರ ಟೀಚರು. ನನಗ ಅಂಥ ನೆನಪು ಎಲ್ಲೈತ್ರಿ? ನೀವ ಹೇಳ್ರಿ.”

ನನ್ನಂಥವನಿಗೆ ಇಷ್ಟು ಸಾಕು! ಇದೇ ಅಂಕಣದಲ್ಲಿ ಹಳೆಯ ಕಾಲವನ್ನು ಎಷ್ಟು ಸಲ ಬಿಸಿ ಮಾಡಿ ಬಡಿಸಿದ್ದೇನೆಂದು ನಿಮಗೇ ಗೊತ್ತು. (ನೀವೂ ಸುಮ್ಮನೆ ಉಂಡಿದ್ದೀರಿ, ಅದು ಬೇರೆ ಮಾತು.)

ಮೊದಲು ವ್ಯಾಕರಣ ಕೇಳಿದೆ. ಕ್ರಿಯಾಪದವನ್ನು ಭೂತಕಾಲದಲ್ಲಿಟ್ಟು ಕೊನೆಗೆ ‘ಮೊನೊ ದಾ’ ಸೇರಿಸಬೇಕು. ಮೊನೊ ಅಂದರೆ ವಸ್ತು, ಸಂಗತಿ. ಒಂದೇ ಸಲ ಆಗಿಹೋದದ್ದಕ್ಕೆ ನಡೆಯುವುದಿಲ್ಲ, ಮತ್ತೆ ಮತ್ತೆ ಮಾಡುತ್ತಿದ್ದದ್ದಾಗಬೇಕು. ‘ಹಾಡಿದೆವು’ ಎನ್ನುವುದಕ್ಕೆ ‘ಉತತ್ತಾ’. ‘ಉತತ್ತಾ ಮೊನೊ ದಾ’ ಅಂದರೆ ‘ಆಗೆಲ್ಲ ಹಾಡುತ್ತಿದ್ದೆವಪ್ಪಾ...’ ಆ ‘ಅಪ್ಪಾ’ ಮತ್ತು ಮೂರು ಚುಕ್ಕಿ ವ್ಯಾಕರಣದೊಳಗೇ ಇವೆ. ನಮ್ಮಲ್ಲಿ ‘ಹಾಡುತ್ತಿದ್ದುದುಂಟು’ ಎಂದು ಬರೆಯುತ್ತೇವೆ, ಆದರೆ ಅದರಲ್ಲಿ ನಿಟ್ಟುಸಿರಿಲ್ಲ. ನಿಟ್ಟುಸಿರನ್ನು ನಾವೇ ಬೇರೆಯಾಗಿ ಬಿಡಬೇಕು.

ಬಿಟ್ಟೆ. ಕಣ್ಣು ಅರ್ಧ ಮುಚ್ಚಿ ಐದು ವಾಕ್ಯ ಹೇಳಿದೆ. ಹಳ್ಳದಲ್ಲಿ ಈಜುತ್ತಿದ್ದೆವು. ಹುಣಸೆಮರದ ಕೆಳಗೆ ಓದುತ್ತಿದ್ದೆವು. ತಗ್ಗಿನ ಮನೆಯವರು, ದಿಬ್ಬದ ಮನೆಯವರು ಎಲ್ಲ ಒಂದಾಗಿರುತ್ತಿದ್ದೆವು. ಕೊನೆಯ ಎರಡಂತೂ ನನ್ನ ಮಾಸ್ಟರ್‌ಪೀಸ್: ‘ನಮ್ಮ ಅಂಗಳದಲ್ಲಿ ಎಲ್ಲರೂ ಕೂಡಿ ಶೇಂಗಾ ಸುಲಿಯುತ್ತಿದ್ದೆವು. ಸುಲಿಯುತ್ತ ಹಾಡು ಹಾಡುತ್ತಿದ್ದೆವು.’

ಮಂಜುಳಾ ಬರೆದುಕೊಂಡು ಹೋದಳು. ನಾನು ಅವೇ ಐದು ಸಾಲನ್ನು ನಮ್ಮ ಕಾಲೇಜು ಗೆಳೆಯರ ವಾಟ್ಸಾಪ್ ಗ್ರೂಪಿಗೂ ಹಾಕಿದೆ. ಹಡಗಲಿಯಿಂದ ಹೂವಿನ ಇಮೋಜಿ ಬಂತು. ಕೊಟ್ಟೂರಿನಿಂದ ಕಣ್ಣೀರಿನದು. ಹಗರಿಬೊಮ್ಮನಹಳ್ಳಿಯ ಗೆಳೆಯನೊಬ್ಬ “ಆ ಮುಗ್ಧ ದಿನಗಳು!” ಎಂದು ವಾಯ್ಸ್ ಮೆಸೇಜ್ ಕಳಿಸಿದ. (ಆತ ಊರಿಗೆ ಹೋಗಿ ಎಷ್ಟು ವರ್ಷವಾಯಿತೆಂದು ಆತನಿಗೇ ನೆನಪಿಲ್ಲ.)

ಈಗ ಎಲ್ಲಿ ನೋಡಿದರೂ ಇದೇ ವ್ಯಾಪಾರ. ಹರಪನಹಳ್ಳಿ ರಸ್ತೆಯ ಒಂದು ಹೊಸ ಹೋಟೆಲಿಗೆ ಹೋಗಿದ್ದೆ. ಗೋಡೆಗೆ ಗಾಡಿಯ ಗಾಲಿ, ಕಂದೀಲಿನೊಳಗೆ ಎಲ್‌ಇಡಿ ಬಲ್ಬು, ಬಾಗಿಲ ಪಕ್ಕ ಎಣ್ಣೆ ಹಚ್ಚಿ ಮಿಂಚಿಸಿದ ಒನಕೆ. ಜನ ಒನಕೆಯ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಒನಕೆ ಹಿಡಿದು ಕುಟ್ಟಿದವಳು ಒಳಗೆ ತಟ್ಟೆ ತೊಳೆಯುತ್ತಿರುತ್ತಾಳೆ. ಅವಳ ಜೊತೆ ಯಾರಾದರೂ ಸೆಲ್ಫಿ ತೆಗೆದುಕೊಂಡದ್ದನ್ನು ನೀವು ಕಂಡಿದ್ದೀರಾ?

ಇರಲಿ, ಕಥೆಗೆ ಬರುತ್ತೇನೆ.

ಜಪಾನಿ ಟೀಚರಮ್ಮ ಹೋಮ್‌ವರ್ಕ್ ವಾಪಸ್ ಕಳಿಸಿದರಂತೆ. ವ್ಯಾಕರಣ ಸರಿ. ಆದರೆ ಒಂದು ಪ್ರಶ್ನೆ ಬರೆದಿದ್ದರು: ‘ಇದು ಯಾರ ನೆನಪು? ನಿಮ್ಮ ತಾಯಿಯನ್ನು ಕೇಳಿ ಬರೆಯಿರಿ. ಕ್ಲಾಸಿನ ಇಂಟರ್‌ವ್ಯೂನಲ್ಲಿ ಅದನ್ನೇ ಕೇಳುತ್ತೇನೆ.’

ಹೀಗಾಗಿ ಹೋದ ಭಾನುವಾರ ಮಂಜುಳಾ ತನ್ನ ತಾಯಿ ದುರುಗಮ್ಮನನ್ನು ಕರೆದುಕೊಂಡು ಬಂದಳು. ಆಸ್ಪತ್ರೆಗೆ ಕಣ್ಣು ತೋರಿಸಲು ಬಂದಿದ್ದವಳು, ಹಾಗೇ ನಮ್ಮ ಮನೆಗೂ. ದುರುಗಮ್ಮ ನನಗೆ ಹೊಸಬಳೇನಲ್ಲ. ನಾನು ಪಿಯುಸಿ ಓದುವಾಗ ಅವಳು ಲಂಗದ ಹುಡುಗಿ, ತನ್ನ ತಾಯಿಯ ಜೊತೆ ನಮ್ಮ ಮನೆಗೆ ಕೂಲಿಗೆ ಬರುತ್ತಿದ್ದಳು.

ಕುರ್ಚಿಯಲ್ಲಿ ಕೂಡಿಸಿ ಚಹಾ ಕೊಟ್ಟೆ. ನನ್ನ ವಾಕ್ಯಗಳನ್ನು ಓದಿ ತೋರಿಸಿದೆ. ಹೆಮ್ಮೆಯಿಂದಲೇ.

ದುರುಗಮ್ಮ ಪೂರ್ತಿ ಕೇಳಿ, “ಎಲ್ಲಾರು ಅಂದ್ರ ಯಾರ್ಯಾರ್ರಿ ಸರ?” ಎಂದಳು.

“ಎಲ್ಲರೂ ಅಂದರೆ... ನಾವು, ನೀವು.”

“ನೀವು ಎಲ್ಲಿ ಸುಲಿದ್ರಿ? ಕಟ್ಟಿಮ್ಯಾಗ ಪುಸ್ತಕ ಹಿಡಕೊಂಡು ಕುಂದರತಿದ್ರಿ. ಸುಲಿಯೋರು ನಾವು. ಹೆಬ್ಬೆಟ್ಟಿನ ಉಗುರು ಕಿತ್ತು ಬರತಿತ್ತು.”

ಮಂಜುಳಾ ತಲೆ ತಗ್ಗಿಸಿ ನೋಟ್‌ಬುಕ್ ನೋಡತೊಡಗಿದಳು. ನಾನು ಬಿಡಲಿಲ್ಲ. ಬಿಡಬೇಕಿತ್ತು.

“ಹೋಗಲಿ ಬಿಡು ದುರುಗಮ್ಮ. ಹಾಡು? ಎಷ್ಟು ಚೆಂದ ಹಾಡುತ್ತಿದ್ದಿರಿ! ಆ ಹಾಡುಗಳು ಇನ್ನೂ ನನ್ನ ಕಿವಿಯಲ್ಲಿವೆ.”

ಅವಳು ಜೋರಾಗಿ ನಕ್ಕಳು. ನಗುವಿನಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

“ಹಾಡಾಕ ಹಚ್ಚತಿದ್ದಾಕಿ ನಿಮ್ಮವ್ವ, ಸರ. ಬಾಯಿ ಖಾಲಿ ಇದ್ರ ಶೇಂಗಾ ತಿಂತಾರ ಅಂತ. ಯಾರರ ಸುಮ್ಮನಾದ್ರ ಸಾಕು, ‘ಯಾಕ ಬಾಯಿ ನಿಂತು?’ ಅಂತ ಒಳಗಿಂದ ಕೂಗತಿದ್ಲು. ನಮ್ಮವ್ವಗ ಜ್ವರ ಬಂದಿದ್ರೂ ಹಾಡತಿದ್ಲು. ನಿಮಗ ಗೊತ್ತಿದ್ದಿಲ್ಲೇನು?”

ನನಗೆ ಗೊತ್ತಿರಲಿಲ್ಲ. ಅಥವಾ ಗೊತ್ತುಮಾಡಿಕೊಳ್ಳಲಿಲ್ಲ. ಆ ದನಿ, ‘ಯಾಕ ಬಾಯಿ ನಿಂತು’ ಎಂಬ ನಮ್ಮವ್ವನ ದನಿ, ನನ್ನ ನೆನಪಿನಲ್ಲೂ ಇತ್ತು. ಹಾಡು ಕೇಳುವ ಆಸೆಯಿಂದ ಕೂಗುತ್ತಾಳೆ ಎಂದುಕೊಂಡಿದ್ದೆ. ನಮ್ಮವ್ವನಿಗೆ ಜನಪದ ಹಾಡೆಂದರೆ ಪ್ರಾಣ ಎಂದು ಒಂದು ಭಾಷಣದಲ್ಲೂ ಹೇಳಿಬಿಟ್ಟಿದ್ದೇನೆ. ಚಪ್ಪಾಳೆಯೂ ಬಿದ್ದಿತ್ತು!

ಮಂಜುಳಾ ನೋಟ್‌ಬುಕ್ಕಿನಿಂದ ತಲೆಯೆತ್ತಿ ಮೆಲ್ಲಗೆ ಹೇಳಿದಳು: “ಸರ, ಇದಕ್ಕೂ ಅವರಲ್ಲಿ ಒಂದು ರೂಪ ಐತ್ರಿ. ‘ಉತತ್ತಾ’ ಅಂದ್ರ ಹಾಡಿದ್ವಿ. ‘ಉತಾವಸರೆತಾ’ ಅಂದ್ರ ನಮಗ ಮನಸಿಲ್ಲದಿದ್ರೂ ನಮ್ಮ ಕಡಿಂದ ಹಾಡಿಸಿದ್ರು ಅಂತ. ದಿನಾ ಮಾತಿನಾಗ ಬಳಸ್ತಾರ.”

ಕನ್ನಡದಲ್ಲಿ ಇದನ್ನು ಹೇಗೆ ಹೇಳುತ್ತೀರಿ? ‘ಹಾಡಿಸಲ್ಪಟ್ಟೆವು’ ಎನ್ನಬೇಕು. ಯಾವ ಮನೆಯಲ್ಲಿ ಯಾರು ಹಾಗೆ ಮಾತಾಡುತ್ತಾರೆ? ಮಾಡಿಸಿದವರ ಕಡೆಯಿಂದ ಹೇಳುವುದು ನಮಗೆ ಸಲೀಸು. ಮಾಡಿಸಿಕೊಂಡವರ ಕಡೆಯಿಂದ ಹೇಳಬೇಕಾದರೆ ಸರ್ಕಾರಿ ಸುತ್ತೋಲೆಯ ಭಾಷೆ ಬೇಕು.

“ಬರಿ ಅದನ್ನ,” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. “ನಿಮ್ಮವ್ವ ಹೇಳಿದ್ದನ್ನೇ ಬರಿ.”

ಆದರೆ ದುರುಗಮ್ಮ ತಡೆದಳು.

“ಅದೊಂದ ಬರೀಬ್ಯಾಡಬೇ. ಆ ಟೀಚರಮ್ಮ ನಾವು ಬರೇ ಅಳಕೋತ ಇದ್ವಿ ಅಂತ ತಿಳಕೊಂಡಾಳು. ಸಂಜಿಮುಂದ ಮನಿಗೆ ಹೋಗುವಾಗ ದಾರ್ಯಾಗೂ ಅವೇ ಹಾಡು ಹಾಡತಿದ್ವಿ. ಆಗ ಹಾಡ್ರಿ ಅನ್ನೋರು ಯಾರೂ ಇದ್ದಿಲ್ಲ. ಹಾಡು ನಮ್ಮವಲ್ಲೇನು? ಹಾಡಕೋತ ಹಾಡಕೋತ, ನಿರಿಗ್ಯಾಗ ಮುಚ್ಚಿಕೊಂಡು ಬಂದಿದ್ದ ಶೇಂಗಾ ತಿಂತಿದ್ವಿ. ಅದನ್ನ ಮನಸು ತುಂಬಿ ಬರಿ. ಆ ‘ದಾ’ ಅನ್ನೋದನ್ನ ಅದಕ್ಕ ಹಚ್ಚು.”

ಹೇಳುವಾಗ ಅವಳ ಮುಖ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ನನ್ನ ಅರ್ಧ ಮುಚ್ಚಿದ ಕಣ್ಣಿನ ನಾಟಕ ಅಲ್ಲಿರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಟೀಚರಮ್ಮನಿಗೆ ಹೊಸ ಎರಡು ವಾಕ್ಯ ಹೋದವು. ಒಂದು ಹಾಡಿಸಿಕೊಂಡದ್ದು, ಒಂದು ಹಾಡಿದ್ದು. ಗುರುವಾರ ಮಂಜುಳಾ ಫೋನ್ ಮಾಡಿದ್ದಳು. ಟೀಚರಮ್ಮ ಎರಡನ್ನೂ ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸಿದರಂತೆ. ಇಂಟರ್‌ವ್ಯೂನಲ್ಲೂ ತಾಯಿಯ ಬಗ್ಗೆಯೇ ಕೇಳಿದರು, ಪಾಸಾದೆ ಎಂದಳು. ಹಿಂದಿನಿಂದ ದುರುಗಮ್ಮ “ಸರಗ ಹೇಳು, ಶೇಂಗಾ ಕದ್ದಿದ್ದನ್ನೂ ಬರದೀಯಂತ ಹೇಳು” ಎಂದು ಕೂಗುತ್ತಿದ್ದಳು.

ನಾನು ಗ್ರೂಪಿಗೂ ನಿಜ ಬರೆದೆ. ಹೂವು ಬರಲಿಲ್ಲ, ಕಣ್ಣೀರೂ ಬರಲಿಲ್ಲ. ಒಬ್ಬ ಮಾತ್ರ, “ಈಗ್ಯಾಕೋ ಇವೆಲ್ಲ? ಪಾಸಿಟಿವ್ ಆಗಿರೋಣ” ಎಂದ. ನಮ್ಮ ಮನೆಯ ಕಥೆ ಹೊರಬಂದರೆ ಅವನ ಮನೆಯದೂ ಬಂದೀತು ಎಂಬ ಹೆದರಿಕೆ ಇರಬೇಕು, ಪಾಪ.

ಕೊನೆಗೆ ದಾವಣಗೆರೆಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. “ಅವ್ವ ಹಂಗ ಮಾಡತಿದ್ಲಾ?”

ಅಕ್ಕ ತಕ್ಷಣ ಹೇಳಿದಳು: “ಮತ್ತ? ನಮಗೆಲ್ಲ ಗೊತ್ತಿದ್ದದ್ದ ಅದು. ನೀನೊಬ್ಬ ಅದನ್ನ ಹಾಡು ಅಂತ ಕೇಳಿದಿ.”

‘ಹಾಡು’ ಇದ್ದದ್ದು ‘ಹಾಡಿಸು’ ಆದರೆ ಪ್ರೇರಣಾರ್ಥಕ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ, ಬರೆಯದವರಿಗೆ ಸೊನ್ನೆ ಸುತ್ತಿದ ಮೇಷ್ಟ್ರಿಗೆ ಈಗ ಎಷ್ಟು ಅಂಕ ಕೊಡುತ್ತೀರಿ?