ಗಡಿಯ ತಗಡಿನಡಿ ಮೂರು ರಾಜ್ಯ

ಕೊಡಗಿನ ಗಡಿಯ ಮಾಕುಟ್ಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೇರಳದಿಂದ ಬರುವ ಮೀನಿನ ಲಾರಿಗಳಿಗೆ ದಾರಿ ಬಿಟ್ಟು, ಪೇಂಟರ್ ಧರ್ಮಪಾಲ ಗಡಿಯ ಸ್ವಾಗತ ಫಲಕಕ್ಕೆ ಏಣಿ ಇಟ್ಟು ಹತ್ತಿದ್ದಾರೆ. ಕೆಳಗೆ ಚೆಕ್‌ಪೋಸ್ಟಿನ ಮೊಣ್ಣಪ್ಪ ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಚಹಾ ಹಿಡಿದಿದ್ದಾರೆ. ಭದ್ರವಾಗಿ ಹಿಡಿದಿರುವುದು ಚಹಾವನ್ನು.

ಈ ಸಲದ ಮಳೆ ಫಲಕದ ಬಣ್ಣವನ್ನು ಹಪ್ಪಳದಂತೆ ಎಬ್ಬಿಸಿದೆ. ‘ಕರ್ನಾಟಕ’ ಅರ್ಧ ಉದುರಿ, ಅಡಿಯಿಂದ ‘ಮೈಸೂರು ರಾಜ್ಯ’ ಇಣುಕುತ್ತಿದೆ. ಅದರ ಫೋಟೊ ಯಾರದೋ ಮೊಬೈಲಿನಿಂದ ಹೊರಟು ಮೇಲಿನವರಿಗೆ ತಲುಪಿದೆ. ಬರೀ ತಗಡು ಕಾಣುವವರೆಗೆ ಕೆರೆದು ಹೊಸದಾಗಿ ಬರೆಯಬೇಕೆಂದು ಎಂಜಿನಿಯರ್ ಕೀರ್ತಿಕುಮಾರ್ ಅಪ್ಪಣೆ ಮಾಡಿದ್ದಾರೆ.

ಬಿಟ್ಟಂಗಾಲದ ಧರ್ಮಪಾಲರಿಗೆ ಆಗಿನಿಂದ ಅನ್ನ ಸೇರಿಲ್ಲ. ಕೊಡಗು ತಾನೇ ಒಂದು ರಾಜ್ಯವಾಗಿದ್ದಾಗ ಈ ತಗಡಿನ ಮೇಲೆ ‘ಕೊಡಗು ರಾಜ್ಯ’ ಎಂದು ಬರೆದವರು ಅವರ ಅಪ್ಪ. 1956ರಲ್ಲಿ ಕೊಡಗು ಮೈಸೂರಿಗೆ ಸೇರಿದಾಗ ಅದರ ಮೇಲೆಯೇ ‘ಮೈಸೂರು’ ಬರೆದವರೂ ಅವರೇ. 1973ರಲ್ಲಿ ಮೈಸೂರು ಕರ್ನಾಟಕವಾದಾಗ ಅಪ್ಪ ಕುಂಚವನ್ನು ಮಗನ ಕೈಗಿತ್ತರು.

“ಹಳೆ ಹೆಸರು ಕೆರೀಬಾರ್ದು, ಮೇಲೆ ಬರೀಬೇಕು ಅಂತ ಅಪ್ಪ ಹೇಳ್ತಿದ್ರು. ಅವರದ್ದು ಒಂದು ಫೋಟೊ ಕೂಡ ಇಲ್ಲ ನಮ್ಮಲ್ಲಿ. ಇರೋದು ಈ ಅಕ್ಷರ ಮಾತ್ರ,” ಎನ್ನುತ್ತಾರೆ ಧರ್ಮಪಾಲ. ಹೆಂಡತಿ ಸರೋಜರ ಅಭಿಪ್ರಾಯ ಬೇರೆ: “ಮಾವನಿಗೆ ಕೆರೆಯೋದು ಬೇಜಾರು, ಅಷ್ಟೇ.”

ಫ್ಲೆಕ್ಸ್ ಬಂದ ಮೇಲೆ ಕುಂಚಕ್ಕೆ ಕೆಲಸ ಕಡಿಮೆ. ವಾರಕ್ಕೆ ನಾಲ್ಕೈದು ಜೀಪಿನ ನಂಬರ್ ಪ್ಲೇಟು, ವೀರಾಜಪೇಟೆಯಲ್ಲಿ ಅಪರೂಪಕ್ಕೊಂದು ಅಂಗಡಿ ಬೋರ್ಡು. ಹಾಗಾಗಿ ಬಂದ ಕೆಲಸವನ್ನು ಒಲ್ಲೆ ಎನ್ನುವಂತಿಲ್ಲ.

ಬಿಸಿಲೇರುವಾಗ ಕೀರ್ತಿಕುಮಾರ್ ಅವರ ಜೀಪು ಬಂದು ನಿಲ್ಲುತ್ತದೆ. ಧರ್ಮಪಾಲ ಒಲ್ಲದ ಮನಸ್ಸಿನಿಂದ ಕೆರೆಯತೊಡಗುತ್ತಾರೆ. ಮೈಸೂರು ಉದುರುತ್ತದೆ. ಅದರಡಿಯಿಂದ ದುಂಡಗಿನ ‘ಕೊ’ ಒಂದು ಹೊರಬರುತ್ತದೆ. ಧರ್ಮಪಾಲರ ಕೈ ನಿಂತುಬಿಡುತ್ತದೆ, ಕಣ್ಣು ತುಂಬುತ್ತದೆ.

“ಎಂತ ಆಯ್ತು? ಕೆರೀರಿ,” ಎನ್ನುತ್ತಾರೆ ಎಂಜಿನಿಯರ್.

“ಸಾಕು ಸಾರ್,” ಮೊಣ್ಣಪ್ಪ ಚಹಾ ಗುಟುಕರಿಸುತ್ತಾರೆ. “ಇನ್ನೂ ಕೆರೆದ್ರೆ ಬ್ರಿಟಿಷರು ಬರ್ತಾರೆ. ಅವರ ಅಡಿಯಲ್ಲಿ ರಾಜರು ಇರ್ತಾರೆ. ಅವರಿಗೆಲ್ಲ ಗೇಟು ತೆಗೀಲಿಕ್ಕೆ ನಾನೊಬ್ಬನೇ ಇಲ್ಲಿ.”

ಬಿಗಿದ ಮುಖದ ಕೀರ್ತಿಕುಮಾರ್‌ಗೂ ನಗು ತಡೆಯಲಾಗುವುದಿಲ್ಲ. “ಸಂಜೆಗೆ ಕರ್ನಾಟಕ ಕಾಣ್ಬೇಕು. ಅಡಿಯಲ್ಲಿ ಎಂತ ಉಂಟೋ, ನಾನು ನೋಡ್ಲಿಲ್ಲ,” ಎಂದು ಜೀಪು ಹತ್ತುತ್ತಾರೆ.

ಧರ್ಮಪಾಲ ಅಪ್ಪನ ‘ಕೊ’ವನ್ನು ಬಟ್ಟೆಯಿಂದ ಒರೆಸಿ, ಅದರ ಮೇಲೆ ಮೆಲ್ಲಗೆ ಹಳದಿ ಬಳಿಯುತ್ತಾರೆ. ಸಂಜೆಗೆ ಕರ್ನಾಟಕ ಹೊಳೆಯುತ್ತದೆ.

“ಮುಂದೆ ಎಂತ ಹೆಸರು ಬಂದ್ರೂ ಬರ್ಲಿ,” ಕುಂಚ ತೊಳೆಯುತ್ತಾ ಅವರು ಹೇಳುತ್ತಾರೆ. “ನಂದನ್ನು ಕೆರೀದೆ ಅದರ ಮೇಲೆ ಬರೀಲಿ. ಅಪ್ಪನ ಜೊತೆ ನಾನೂ ಅಡಿಯಲ್ಲಿ ಇರ್ತೇನೆ.”