ಒಬ್ಬರಿಗೆ ಎಷ್ಟು ಹಿಟ್ಟು

ನಾನು ಕೆಲಸಕ್ಕೆ ಬಂದಿರುವ ಈ ಜರ್ಮನಿಯ ಊರಿನಲ್ಲಿ ಹಿಟ್ಟನ್ನು ಔಷಧಿಯ ಹಾಗೆ ತೂಗುತ್ತಾರೆ. ಬಂದ ವಾರವೇ ಮನೆಯೊಡತಿ ಕೇಕು ಮಾಡುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಹಿಟ್ಟು, ಸಕ್ಕರೆ, ಬೆಣ್ಣೆ, ಕೊನೆಗೆ ಹಾಲು ಕೂಡ ತಕ್ಕಡಿಯ ಮೇಲೆ. ತಕ್ಕಡಿಗೆ ಇಲ್ಲಿ 'ವಾಗ' ಎನ್ನುತ್ತಾರೆ. ಚೂರು ಹೆಚ್ಚಾಯಿತೆಂದು ಆಕೆ ಚಮಚದಲ್ಲಿ ಹಿಟ್ಟು ವಾಪಸು ತೆಗೆದಾಗ ನನಗೆ ಗಾಬರಿಯೇ ಆಯಿತು. ನಾನು ನರ್ಸು, ಇಂಥ ಲೆಕ್ಕ ನನಗೆ ವಾರ್ಡಿನಲ್ಲೇ ಸಾಕಾಗಿತ್ತು.

ಗೌನಿಪಲ್ಲಿಯ ನಮ್ಮ ಮನೆಯಲ್ಲಿ ತೂಗುವುದು ಮಾವಿನಕಾಯಿಯನ್ನು ಮಾತ್ರ, ಅದೂ ಮಂಡಿಯಲ್ಲಿ. ಅಡುಗೆಗೆಲ್ಲ ಪಾವು. ಅಮ್ಮನಿಲ್ಲದ ನನ್ನನ್ನು ಬೆಳೆಸಿದ ಸೋದರತ್ತೆ ಪಾವಿನ ಮೇಲೆ ಗೋಪುರ ಬರುವಂತೆ ಹಿಟ್ಟು ತುಂಬುತ್ತಾರೆ. ಸಮಕ್ಕೆ ತಟ್ಟಿ ಅಳೆಯುವುದು ಅವರ ಕಣ್ಣಿಗೆ ಬರೀ ಜಿಪುಣತನ.

ಪಾವು ಎಂದರೆ ಕಾಲು ಕಿಲೋ ಇರಬೇಕೆಂದು ನಾನೇ ತೀರ್ಮಾನಿಸಿ, ಊರಿಂದ ತಂದ ರಾಗಿಹಿಟ್ಟನ್ನು ಮನೆಯೊಡತಿಯ ವಾಗದಲ್ಲಿ ಅಷ್ಟೇ ತೂಗಿ, ಅತ್ತೆಯ ಅಳತೆಯಲ್ಲೇ ನೀರಿಟ್ಟು ಮುದ್ದೆ ಮಾಡಿದೆ. ಪಾವು ಅಕ್ಕಿಯ ತೂಕ ಬೇರೆ, ಪಾವು ಹಿಟ್ಟಿನ ತೂಕ ಬೇರೆ ಎಂಬುದು ಹೊಳೆಯಲೇ ಇಲ್ಲ. ಆದದ್ದು ಮುದ್ದೆಯಲ್ಲ, ಕಲ್ಲು. ನಮ್ಮ ಕಡೆಯ ಶಿಲ್ಪಿಗಳ ಊರು ಶಿವಾರಪಟ್ಟಣಕ್ಕೆ ಕಳಿಸಿದ್ದರೆ ಯಾವುದಾದರೂ ವಿಗ್ರಹ ಕೆತ್ತಿಕೊಡುತ್ತಿದ್ದರು.

ಅತ್ತೆಗೆ ಫೋನು ಮಾಡಿದೆ. ಅವರು ಅಂಗಡಿಗೆ ಹೋಗಿ ಪಾವು ಹಿಟ್ಟು ತೂಗಿಸಿ, ಇನ್ನೂರು ಗ್ರಾಮಿಗೂ ಕಡಿಮೆ ಎಂದು ತಿಳಿಸಿದರು.

"ಒಬ್ಬರಿಗೆ ಎಷ್ಟು ಹಾಕ್ಬೇಕು ಅತ್ತೆ?" ಎಂದೆ.

"ಒಬ್ರಿಗೆ ನಾನು ಯಾವತ್ತೇ ಮಾಡಿದ್ದೀನಿ? ಜೊತೇಲಿ ಹುಡುಗೀರು ಇದ್ದಾರೆ ಅಂದಿದ್ಯಲ್ಲ?"

"ಇದ್ದಾರೆ ಅತ್ತೆ. ಅವ್ರು ಸಂಗಟಿ ತಿನ್ನಲ್ಲ."

ಸಂಗಟಿ ಎಂದರೆ ಮುದ್ದೆಯೇ. ನಮ್ಮ ಕಡೆ ಮನೆಮಾತಿನಲ್ಲಿ ಅರ್ಧ ತೆಲುಗು. ಹುಡುಗಿಯರ ಮಾತು ಮಾತ್ರ ಪೂರ್ತಿ ಸುಳ್ಳು. ನಾನಿರುವುದು ಒಂದೇ ಕೋಣೆಯಲ್ಲಿ, ಒಬ್ಬಳೇ. ಒಬ್ಬಳೇ ಇರುವುದಾದರೆ ಹೋಗಲೇಬೇಡ ಎಂದು ಅತ್ತೆ ಹಟ ಹಿಡಿದಿದ್ದರು. ನಿಜ ಗೊತ್ತಾದರೆ ಅವರಿಗೆ ನಿದ್ದೆ ಬರುವುದಿಲ್ಲ ಎಂದೇ ಮುಚ್ಚಿಟ್ಟೆ. ಇಲ್ಲಿಯ ಜನ ಕೆಟ್ಟವರಲ್ಲ, ಆದರೆ ಮೊದಲೇ ಹೇಳದೆ ಯಾರೂ ಯಾರ ಬಾಗಿಲೂ ತಟ್ಟುವುದಿಲ್ಲ. ಊರಲ್ಲಿ ಬಾಗಿಲು ತಟ್ಟುವವರೇ ಇಲ್ಲ, ನೇರ ಒಳಗೇ ಬರುತ್ತಾರೆ. ಭಾನುವಾರ ಇಡೀ ದಿನ ನನ್ನ ದನಿ ನನಗೇ ಕೇಳದೆ ಕಳೆದದ್ದಿದೆ. ಆಗೆಲ್ಲ ಅಳು ಬರುತ್ತದೆ. ನಾನೂ ಒಂದು ವಾಗ ಕೊಂಡೆ, ನನ್ನೊಬ್ಬಳ ಹಿಟ್ಟಿನ ತೂಕ ಕಂಡುಕೊಂಡೆ. ಮುದ್ದೆ ಹದವಾಗಿ ಬಂದ ದಿನ ಹೊಗಳಲು ಯಾರೂ ಇರಲಿಲ್ಲ.

ಹೋದ ಬಾರಿ ರಜೆಗೆ ಊರಿಗೆ ಹೋದಾಗ ಅತ್ತೆಗೂ ಒಂದು ತಕ್ಕಡಿ ಒಯ್ದೆ. "ಇವತ್ತು ನಾನೇ ಸಂಗಟಿ ಮಾಡ್ತೀನಿ" ಎಂದು ಮನೆಯ ಆರು ಜನಕ್ಕೂ ಲೆಕ್ಕ ಹಾಕಿ ಹಿಟ್ಟು ತೂಗಿದೆ. ಆರು ಮುದ್ದೆ ಎದ್ದವು, ಒಂದಕ್ಕಿಂತ ಒಂದು ನುಣುಪು. ಎಲ್ಲರೂ ಊಟಕ್ಕೆ ಕೂರುವಾಗ ಪಕ್ಕದ ತೋಟದ ಪಾಪಣ್ಣ ಮಾವಿನ ಹೂವು ಉದುರುತ್ತಿದೆ ಎಂದು ಹೇಳಿಕೊಂಡು ಬಂದ.

"ಬಾ ಪಾಪಣ್ಣ, ಕೂತ್ಕೋ" ಎಂದು ಅತ್ತೆ ತಟ್ಟೆ ಹಾಕಿ, ಪಾತ್ರೆಗೆ ಕೈ ಹಾಕಿದರು. ಪಾತ್ರೆಯಲ್ಲಿ ಏನೂ ಇರಲಿಲ್ಲ. ಬಂದವರಿಗೆಂದು ಒಂದೆರಡು ಮುದ್ದೆ ಮಿಗದ ದಿನವನ್ನು ಆ ಮನೆ ಕಂಡೇ ಇರಲಿಲ್ಲ. ಅತ್ತೆ ತಮ್ಮ ಮುದ್ದೆಯನ್ನು ಮುರಿದು ದೊಡ್ಡ ಭಾಗ ಅವನಿಗಿಟ್ಟರು.

ಪಾತ್ರೆ ತೊಳೆಯುವಾಗ ಅತ್ತೆ ಮೆಲ್ಲಗೆ ಕೇಳಿದರು. "ಏಮ್ಮಾ, ಅಲ್ಲಿ ನಿನ್ ಮನೇಗೆ ಯಾರೂ ಬರಲ್ವಾ?"

ಮತ್ತೊಂದು ಸುಳ್ಳು ಬಾಯಿಗೆ ಬರಲಿಲ್ಲ. "ಬರಲ್ಲ ಅತ್ತೆ. ಹುಡುಗೀರೂ ಇಲ್ಲ. ಒಬ್ಳೇ ಇದ್ದೀನಿ."

'ಇಲ್ಲೇ ಇದ್ದುಬಿಡು' ಎನ್ನಲಿ ಎಂದು ಆಸೆಪಟ್ಟೆ. ಅಂದುಬಿಟ್ಟರೆ ಏನು ಗತಿ ಎಂದೂ ಹೆದರಿದೆ. ಕಷ್ಟಪಟ್ಟು ಕಲಿತ ಆ ಭಾಷೆಯನ್ನು, ವಾರ್ಡನ್ನು, ನನ್ನ ಪುಟ್ಟ ಕೋಣೆಯನ್ನು ಬಿಡಲು ಮನಸ್ಸಿರಲಿಲ್ಲ. ಅತ್ತೆ ಅದನ್ನು ಹೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ನನ್ನ ತಲೆ ಸವರಿದರು.

"ನಾಳೆಯಿಂದ ನಾನೇ ಮಾಡ್ತೀನಿ. ಇರೋಷ್ಟು ದಿನ ನೀನು ಆರಾಮಾಗಿ ಕೂತ್ಕೊಂಡು ಉಣ್ಣಮ್ಮ."

ನಮ್ಮ ಮನೆಯಲ್ಲಿ ಹಾಗೆ ಹೇಳುವುದು ನೆಂಟರಿಗೆ.