ಟೇಲರ್ ಮಾಸ್ತರರ ಆಕಾಶ ಹಡಗು

ಶಹಾಪುರದ ನಮ್ಮ ಓಣಿಯ ಟೇಲರ್ ಮಾಸ್ತರರು ಮಧ್ಯಾಹ್ನ ಕತ್ತರಿ ಬದಿಗಿಟ್ಟು, ಒಬ್ಬರೇ, ಚುಕ್ಕಿಗಳ ನಡುವೆ ಹೋಗುವ ಆಕಾಶ ಹಡಗಿನ ಆಟ ಆಡುತ್ತಿದ್ದರು. ಕಥೆ ತಾವೇ ಕಟ್ಟುವರು. ಮುಂದೇನಾಗಬೇಕು ಅನ್ನುವುದನ್ನು ದಾಳ ಹೇಳುವುದು. ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಎಲ್ಲ ಬರೆದಿಡುವರು. ಹಡಗಿನ ಕಪ್ತಾನನಿಗೆ ಇಟ್ಟದ್ದು ಸ್ವಂತ ಅಣ್ಣನ ಹೆಸರು. ಎದುರಿಗೇ ಕಿರಾಣಿ ಅಂಗಡಿ ಇಟ್ಟಿದ್ದ ಆ ಅಣ್ಣ, ಮನೆ ಪಾಲಾದಾಗಿನಿಂದ ಇವರ ಜೊತೆ ಮಾತು ಬಿಟ್ಟಿದ್ದರು.

ಒಂದಿನ ಹಡಗಿನಲ್ಲಿ ಉಸಿರಾಡುವ ಗಾಳಿ ಮುಗಿಯಿತು. ದಾಳ ಬಿತ್ತು. ಕಪ್ತಾನ ಸತ್ತ.

"ಇನ್ನೊಮ್ಮೆ ಒಗೀರಿ ಮಾಸ್ತರ, ಯಾರ್ ನೋಡಾಕತ್ತಾರ?" ಅಂದೆ.

"ಬಿದ್ದದ್ದು ಬಿದ್ದಂಗ್ರಿ," ಎಂದಿನಂತೆ ಅಂದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಅಣ್ಣನ ಹೆಸರು ಹೊಡೆದುಹಾಕಿದರು.

ಕೇಳಿ ನಕ್ಕಾರು, ಆ ನೆವದಿಂದಾದರೂ ತಮ್ಮನ ಕಡೆ ಬಂದಾರು ಅಂತ, ಹೋಗಿ ಅಣ್ಣನಿಗೆ ಹೇಳಿದೆ. ಬೆಲ್ಲ ತೂಗುತ್ತಿದ್ದವರು ತಲೆ ಎತ್ತಲಿಲ್ಲ.

"ಅಂವನ ಆಟದಾಗ ಇಷ್ಟ್ ದಿನ ನಾ ಬದುಕಿದ್ದೆನೇನು?"